ಸೋಮವಾರದ ನೀರು

ಕಂತು ಏಳು

ಒಂದು ಜಡೆ ಮುಗಿದಿತ್ತು. ಇನ್ನೊಂದಕ್ಕೆ ಕೂದಲನ್ನು ಮೂರು ಕಾಲಾಗಿ ಬಿಡಿಸುವಷ್ಟರಲ್ಲಿ ಹಿತ್ತಲ ಬಾಗಿಲು ದಡದಡ ಅಂದಿತು.

"ಅಲುಗಾಡಬೇಡ," ಎಂದಳು ಹೊಲಿಗೆಯವಳು, ರಿಬ್ಬನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ.

"ನಾನಲ್ಲ ಅಮ್ಮ, ಬಾಗಿಲು ಅಲುಗಾಡ್ತಿರೋದು." ಗುಬ್ಬಿಗೆ ವಯಸ್ಸು ಎಂಟು, ಮಾತು ಎಂಬತ್ತರದು.

ಬಾಗಿಲು ತೆರೆದರೆ ಜರಡಿಯಕ್ಕ. ಹೊಳೆಯಾಚೆಯ ಗಣಿಯಲ್ಲಿ ಜಲ್ಲಿ ತೊಳೆಯುವ ಜರಡಿಯ ಪಕ್ಕ ಹದಿನಾಲ್ಕು ವರ್ಷದಿಂದ ನಿಂತವಳು. ಹುಬ್ಬಿಗೂ ಕಲ್ಲಿನ ಪುಡಿ ಕೂತು ಬೂದಿ ಬಣ್ಣವಾಗಿತ್ತು. ಅತ್ತಿತ್ತ ನೋಡಿ ಒಳಗೆ ನುಗ್ಗಿದಳು.

"ನಾನು ಬಂದಿಲ್ಲ. ನೀನು ನನ್ನ ನೋಡಿಲ್ಲ. ಇದನ್ನ ನಾನು ಕೊಟ್ಟಿಲ್ಲ."

"ಬರದೇ ಇರೋರಿಗೆ ಚಹಾ ಕೊಡಬಹುದಾ ಅಮ್ಮ?" ಎಂದಳು ಗುಬ್ಬಿ.

"ಅರ್ಧ ಲೋಟ ಕೊಡಬಹುದು," ಎಂದು ಜರಡಿಯಕ್ಕ ತನ್ನ ಬುತ್ತಿಚೀಲದ ತಳದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಗಂಟೊಂದನ್ನು ತೆಗೆದು ಹೊಲಿಗೆ ಯಂತ್ರದ ಮೇಲಿಟ್ಟಳು.

ಹೊಲಿಗೆಯವಳು ಅದನ್ನು ಬಿಚ್ಚಿದಳು. ಅಪ್ಪನ ಅಳತೆ ಟೇಪು. ಚರ್ಮದ ಹಿಡಿಕೆ, ಉಕ್ಕಿನ ಪಟ್ಟಿ, ಸುತ್ತುವ ಕಡ್ಡಿಗೆ ಅವಳೇ ಹೊಲಿದುಕೊಟ್ಟಿದ್ದ ಬಟ್ಟೆಯ ಚೂರು.

ಅಪ್ಪ ಮಾಯವಾಗಿ ಇಂದಿಗೆ ಹನ್ನೆರಡು ದಿನ.

"ಎಲ್ಲಿತ್ತು ಅಕ್ಕ?"

"ಜರಡಿ ಕೆಳಗೆ, ನಾನು ಬುತ್ತಿ ಇಡೋ ಗೂಡಿನಲ್ಲಿ. ನಿನ್ನೆ ಇರಲಿಲ್ಲ, ಇವತ್ತು ಬೆಳಿಗ್ಗೆ ಇತ್ತು."

ಬಿಸಾಕುವವರು ಯಾರೂ ಪ್ಲಾಸ್ಟಿಕ್ ಸುತ್ತಿ ಬಿಸಾಕುವುದಿಲ್ಲ. ಯಾರೋ ಇದು ನೆನೆಯಬಾರದು, ಒರೆಸಿಹೋಗಬಾರದು ಎಂದುಕೊಂಡಿದ್ದರು. ಜರಡಿಯಕ್ಕನ ಕೈಗೆ ಸಿಕ್ಕಿದ್ದು ಈ ಮನೆಗೆ ಬಂದೇ ಬರುತ್ತದೆ ಎಂದು ತಿಳಿದ ಯಾರೋ.

ಅವಳು ಟೇಪನ್ನು ಮೆಲ್ಲಗೆ ಬಿಚ್ಚುತ್ತ ಹೋದಳು. ಹದಿನೈದು ಮೀಟರಿನ ಗುರುತಿಗೆ ಬಟ್ಟೆ ಒಣಹಾಕುವ ಕ್ಲಿಪ್ಪೊಂದು ಕಚ್ಚಿಕೊಂಡಿತ್ತು. ಕ್ಲಿಪ್ಪಿನ ಮೇಲೆ ಬಣ್ಣದಲ್ಲಿ ಬರೆದ ನಾಲ್ಕು.

"ಗುಬ್ಬಿ, ಅಜ್ಜ ಕ್ಲಿಪ್ಪು ಯಾಕೆ ಹಾಕ್ತಿದ್ದರು ಹೇಳು?"

"ನೆನಪು ನೀರಿಗಿಂತ ಬೇಗ ಇಳಿಯುತ್ತಂತೆ. ಅದಕ್ಕೆ. ಯಾವ ಬಾವಿಗೆ ಎಷ್ಟು ಟೇಪು ಬಿಟ್ಟೆ ಅಂತ ಮರೀಬಾರದು ಅಂತ."

ಬಾವಿ ಎಂದರೆ ಬಕೆಟ್ಟು ಇಳಿಸುವ ಬಾವಿಯಲ್ಲ. ಗಣಿಯ ಸುತ್ತ ನೆಟ್ಟ ಅಂಗೈ ಅಗಲದ ಕಬ್ಬಿಣದ ಕೊಳವೆಗಳು, ಆರು. ತಲೆಗೆ ಬೀಗದ ಮುಚ್ಚಳ. ಟೇಪಿನ ತುದಿಗೆ ನೀಲಿ ಸೀಮೆಸುಣ್ಣ ಬಳಿದು ಒಳಗೆ ಬಿಟ್ಟರೆ ನೀರಲ್ಲಿ ಮುಳುಗಿದಷ್ಟು ಸುಣ್ಣ ಕಪ್ಪಗಾಗಿ ಗೆರೆ ಮೂಡುತ್ತದೆ. ಬಾವಿಯ ಬಾಯಲ್ಲಿ ಹಿಡಿದ ಅಳತೆಯಿಂದ ಗೆರೆಯ ಅಳತೆ ಕಳೆದರೆ ನೀರು ಎಷ್ಟು ಆಳದಲ್ಲಿದೆ ಎಂಬ ಲೆಕ್ಕ ಸಿಗುತ್ತದೆ. ನಾಲ್ಕನೇ ಬಾವಿಯಲ್ಲಿ ನೀರು ಹತ್ತು ಮೀಟರಿಗಿಂತ ಕೆಳಗಿಳಿದರೆ ಗಣಿ ಪಂಪು ನಿಲ್ಲಿಸಬೇಕು, ಹೊಳೆ ಚೇತರಿಸಿಕೊಳ್ಳುವ ತನಕ ಗುಂಡಿ ತೋಡಬಾರದು. ಹೊಳೆ ಸಮಿತಿಯ ನಿಯಮ ಅಷ್ಟೇ.

ಅಪ್ಪ ಆ ಸಮಿತಿಯ ಅಳತೆಗಾರ. ಮೂವತ್ತೊಂದು ವರ್ಷ, ಪ್ರತಿ ಸೋಮವಾರ, ಬೆಳಿಗ್ಗೆ ಹತ್ತಕ್ಕೆ. ಪುಸ್ತಕದಲ್ಲಿ ನಾಲ್ಕನೇ ಬಾವಿಯ ಪುಟದ ತುಂಬ ಒಂಬತ್ತು, ಒಂಬತ್ತು ಚಿಲ್ಲರೆ, ಒಂಬತ್ತು. ಮಾಯವಾಗುವ ಹಿಂದಿನ ದಿನ ಸಮಿತಿಗೆ ಒಂದೇ ಸಾಲಿನ ಪತ್ರ ಹಾಕಿದ್ದರು: ನಾಲ್ಕನೇ ಬಾವಿಯಲ್ಲಿ ನೀರು ಹದಿನಾಲ್ಕು ದಾಟಿದೆ.

ಗಣಿಯವರು ಅದನ್ನೇ ಹಿಡಿದುಕೊಂಡರು. ಪುಸ್ತಕ ಸುಳ್ಳು, ಇಲ್ಲ ಪತ್ರ ಸುಳ್ಳು. ಹೇಗಿದ್ದರೂ ಮುದುಕ ಸುಳ್ಳ, ಸಿಕ್ಕಿಬೀಳುವ ಮೊದಲೇ ಓಡಿಹೋದ. ಇಂದು ಮಧ್ಯಾಹ್ನ ಹನ್ನೆರಡಕ್ಕೆ ಸಮಿತಿ ಕೂತು ಅದಕ್ಕೆ ಸಹಿ ಹಾಕಲಿತ್ತು. ಹಾಕಿದರೆ ಅಪ್ಪನ ಹೆಸರಿಗೂ ಮಸಿ, ಗಣಿಗೂ ಇನ್ನಷ್ಟು ಆಳಕ್ಕೆ ತೋಡುವ ಪರವಾನಗಿ.

ಹೊಲಿಗೆಯವಳು ಟೇಪಿನ ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನಲವತ್ತು ಸೆಂಟಿಮೀಟರಿನಲ್ಲಿ ಒಂದು ಕಪ್ಪು ಗೆರೆ.

ಹದಿನೈದರಲ್ಲಿ ನಲವತ್ತು ಕಳೆದರೆ ಹದಿನಾಲ್ಕು ಮೀಟರು ಅರವತ್ತು.

"ಪತ್ರ ಸುಳ್ಳಲ್ಲ," ಎಂದಳು ತನಗೆ ತಾನೇ.

"ಹಾಗಾದ್ರೆ ಪುಸ್ತಕ ಸುಳ್ಳಾ?" ಜರಡಿಯಕ್ಕ ಲೋಟ ಕೆಳಗಿಟ್ಟಳು.

"ಅದೂ ಅಲ್ಲ. ಅಕ್ಕ, ಪಂಪು ಯಾವತ್ತಾದರೂ ನಿಲ್ಲುತ್ತಾ?"

"ವಾರಕ್ಕೊಂದು ಸಲ ಅದಕ್ಕೂ ರಜ. ಭಾನುವಾರ ಬೆಳಿಗ್ಗೆ ಬಂದ್ ಮಾಡಿದರೆ ಸೋಮವಾರ ಊಟದ ಹೊತ್ತಿಗೆ ಹಾಕೋದು. ಎಣ್ಣೆ ಬಿಡ್ತಾರೆ ಅಂತಾರಪ್ಪ."

ಹೊಲಿಗೆಯವಳಿಗೆ ನಗು ಬಂತು, ಅಳುವಂಥ ನಗು. ಹೊಳೆ ದಂಡೆಯ ಬೀದಿಯವರು ಅಪ್ಪನನ್ನು ನೋಡಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ಜ್ವರ ಬಂದರೂ ಸೋಮವಾರ, ಅವಳ ಮದುವೆಯ ಮಾರನೆಯ ದಿನವೂ ಸೋಮವಾರ. ವಾರಕ್ಕೊಮ್ಮೆ ಅಳೆಯಬೇಕು ಎಂದಿತ್ತೇ ಹೊರತು ಸೋಮವಾರವೇ ಎಂದು ನಿಯಮದಲ್ಲಿ ಎಲ್ಲೂ ಇರಲಿಲ್ಲ. ಅದು ಅಪ್ಪನ ಶಿಸ್ತು. ಪಂಪು ನಿಂತ ಒಂದು ದಿನದಲ್ಲಿ ನೀರು ಒಂಬತ್ತಕ್ಕೇರಿ ಅಪ್ಪನ ಟೇಪಿಗಾಗಿ ಕಾಯುತ್ತಿತ್ತು. ಕಳ್ಳ ಬಾಗಿಲು ಹುಡುಕಬೇಕಾಗಿರಲಿಲ್ಲ. ಮನೆಯೊಡೆಯ ಯಾವಾಗ ಬರುತ್ತಾನೆಂದು ಗೊತ್ತಿದ್ದರೆ ಸಾಕಿತ್ತು.

"ಎದ್ದೇಳು ಗುಬ್ಬಿ."

"ಇನ್ನೊಂದು ಜಡೆ?"

"ಬಾವಿ ಹತ್ತಿರ ಯಾರೂ ಜಡೆ ಎಣಿಸಲ್ಲ."

ಶಾಲೆಯ ನಲ್ಲಿಯಲ್ಲಿ ಮೂರು ದಿನದಿಂದ ನೀರಿಲ್ಲ, ಮಕ್ಕಳಿಗೆ ರಜೆ. ಬಿಟ್ಟುಹೋಗಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಹೊಲಿಗೆಯ ನೀಲಿ ಸುಣ್ಣದ ಡಬ್ಬಿ, ಬಾವಿಯ ಪುಸ್ತಕ, ಬೀಗದ ಕೈಗೊಂಚಲು ಚೀಲಕ್ಕೆ ಹಾಕಿಕೊಂಡಳು. ಅಪ್ಪನ ಟೇಪನ್ನು ಸುತ್ತಿ ಹಿಟ್ಟಿನ ಡಬ್ಬಿಯ ಹಿಂದೆ ಅಡಗಿಸಿಟ್ಟು, ಅಪ್ಪನ ಹಳೆಯ ಟೇಪೊಂದನ್ನು ಕಪಾಟಿನಿಂದ ತೆಗೆದಳು.

ಹಗ್ಗದ ಸೇತುವೆಯ ಮೇಲೆ ಗುಬ್ಬಿ ನಿಂತು ಕೆಳಗೆ ನೋಡಿದಳು. ಹೊಳೆಯ ಮಟ್ಟ ಅಳೆಯುವ ಕಂಬದ ಸೊನ್ನೆ ಒಣ ಕಲ್ಲಿನ ಮೇಲೆ ನಿಂತಿತ್ತು. ನೀರು ಆಚೆ ದಂಡೆಗೆ ಅಂಟಿಕೊಂಡು, ಸಾಲ ಕೊಟ್ಟವನನ್ನು ಕಂಡವರಂತೆ ತಲೆ ತಗ್ಗಿಸಿ ಹೋಗುತ್ತಿತ್ತು. ಗಣಿಯಿಂದ ಎತ್ತಿದ ನೀರನ್ನೆಲ್ಲ ತಿರುಗಿ ಹೊಳೆಗೇ ಬಿಡುತ್ತೇವೆ ಎಂದು ಗಣಿಯವರು ಕಾಗದದಲ್ಲಿ ಬರೆದುಕೊಟ್ಟಿದ್ದರು. ಬಿಡುವ ಕೊಳವೆ ಸೇತುವೆಯ ಬುಡದಲ್ಲೇ ಇತ್ತು. ಅದರ ಬಾಯಲ್ಲಿ ಜೇಡ ಬಲೆ ಕಟ್ಟಿತ್ತು.

"ಅಮ್ಮ, ಜೇಡಕ್ಕೆ ಈಜು ಬರುತ್ತಾ?"

"ಬರಲ್ಲ."

"ಹಾಗಾದ್ರೆ ಇಲ್ಲಿ ನೀರು ಬಂದೇ ಇಲ್ಲ."

ತಾಯಿ ಮಗಳ ಕೈ ಒತ್ತಿದಳು. ಈ ಹುಡುಗಿ ಎಲ್ಲವನ್ನೂ ಕೇಳುತ್ತಾಳೆ, ಒಂದನ್ನು ಬಿಟ್ಟು. ಅಜ್ಜ ದೂರದ ಬಾವಿ ಅಳೆಯಲು ಹೋಗಿದ್ದಾರೆ ಎಂದು ಹನ್ನೆರಡು ದಿನದ ಹಿಂದೆ ಹೇಳಿದ್ದಳು. ಅಂದಿನಿಂದ ಗುಬ್ಬಿ ಆ ಸುದ್ದಿಯನ್ನೇ ಎತ್ತಿರಲಿಲ್ಲ. ಎತ್ತಿದರೆ ಏನು ಹೇಳಬೇಕೆಂದು ತಾಯಿಗೂ ಗೊತ್ತಿರಲಿಲ್ಲ.

ಗಣಿಯ ಗೇಟಿನಲ್ಲಿ ಕಾವಲಿನವನು ಎಂದೂ ತೋರದ ಮರ್ಯಾದೆ ತೋರಿದ. ಕುರ್ಚಿ ಹಾಕಿದ. ಫಾರಂ ಕೊಟ್ಟ. ಹೆಸರು, ವಿಳಾಸ, ಬಂದ ಕಾರಣ. ತುಂಬಿಸಿ ಕೊಟ್ಟರೆ ಪೆನ್ನಿನ ಬಣ್ಣ ಸರಿಯಿಲ್ಲ ಎಂದ. ಹೆಲ್ಮೆಟ್ ತರುತ್ತೇನೆಂದು ಹೋಗಿ ದೊಡ್ಡವರದೊಂದೇ ತಂದ, ಮತ್ತೆ ಚಿಕ್ಕದಕ್ಕೆ ಹೋದ. ಆ ನಡುವೆ ಮೂರು ಸಲ ಫೋನು ಕಿವಿಗಿಟ್ಟುಕೊಂಡ.

ಗುಬ್ಬಿ ತಟ್ಟನೆ ತಲೆ ಎತ್ತಿದಳು. "ಅಮ್ಮ, ಸದ್ದು ನಿಲ್ತು."

ನಿಜ. ಸೇತುವೆ ದಾಟಿದಾಗಿನಿಂದ ಕೇಳುತ್ತಿದ್ದ ಪಂಪಿನ ಗುಡುಗುಡು ಇರಲಿಲ್ಲ. ಇಡೀ ಗಣಿ ಉಸಿರು ಬಿಗಿಹಿಡಿದಂತಿತ್ತು.

ಅವಳು ಗಡಿಯಾರ ನೋಡಿ ಪುಸ್ತಕದಲ್ಲಿ ಬರೆದಳು: ಗುರುವಾರ, ಒಂಬತ್ತು ಇಪ್ಪತ್ತೆರಡು, ಪಂಪು ನಿಂತಿತು.

ಚಿಕ್ಕ ಹೆಲ್ಮೆಟ್ ಆಮೇಲೆ ಬೇಗನೆ ಸಿಕ್ಕಿತು.

ನಾಲ್ಕನೇ ಬಾವಿಯ ಬಳಿ ಮ್ಯಾನೇಜರ್ ಆಗಲೇ ಜೀಪು ಇಳಿದು ನಿಂತಿದ್ದ. ಕೆಲಸಗಾರರು ಅವನಿಗಿಟ್ಟ ಹೆಸರು ಬಿಳಿ ಬೂಟು. ಮರ, ಮನುಷ್ಯ, ಲಾರಿ ಎಲ್ಲ ಬೂದಿ ಬಣ್ಣವಾಗುವ ಜಾಗದಲ್ಲಿ ಅವನ ಬೂಟು ಮಾತ್ರ ಹಾಲು ಬಿಳಿ. ನೆಲ ಮುಟ್ಟಿದರೆ ತಾನೇ ಕೊಳೆ. ಅವನ ಹಿಂದೆ, ನಾಲ್ಕು ಮಾರು ದೂರದಲ್ಲಿ, ಪಂಪು ಮನೆಯ ಗೋಡೆಗೊರಗಿ ಇನ್ನೊಬ್ಬ ನಿಂತಿದ್ದ. ಪಂಪಿನವನು. ಅವಳ ಒಡಹುಟ್ಟಿದ ತಮ್ಮ.

ಅಪ್ಪ ನೀರು ಅಳೆಯುವವನು, ಮಗ ನೀರು ಇಳಿಸುವವನು. ಈ ಕೆಲಸಕ್ಕೆ ಸೇರಿದ ದಿನದಿಂದ ನಾಲ್ಕು ವರ್ಷ ಅಪ್ಪ ಮಗ ಮಾತು ಬಿಟ್ಟಿದ್ದರು. ಅಕ್ಕನ ಮನೆಗೂ ಅವನು ಬರುವುದು ನಿಂತಿತ್ತು. ಅಪ್ಪ ಮಾಯವಾದ ಮೇಲಂತೂ ಅವನು ಅವಳ ಕಣ್ಣಿಗೆ ಕಣ್ಣು ಕೂಡಿಸಿರಲಿಲ್ಲ.

"ಇವತ್ತು ಸೋಮವಾರ ಅಲ್ಲವಲ್ಲ ಮೇಡಂ," ಎಂದ ಬಿಳಿ ಬೂಟು.

"ಗೊತ್ತು ಸಾರ್. ಮನೇಲಿ ಕ್ಯಾಲೆಂಡರ್ ಇದೆ."

"ಅಳೆಯೋದು ಸೋಮವಾರ. ಮೂವತ್ತು ವರ್ಷದ ಪದ್ಧತಿ."

"ಮೂವತ್ತೊಂದು. ಅದು ನಮ್ಮಪ್ಪನ ಪದ್ಧತಿ, ನಿಮ್ಮ ನಿಯಮ ಅಲ್ಲ. ಹೊಸ ಅಳತೆಗಾರ ಬರೋ ತನಕ ಮನೆಯವರು ಅಳೆಯಬಹುದು ಅಂತ ಸಮಿತಿಯೇ ಕೀಲಿ ಕೊಟ್ಟಿದೆ. ಹನ್ನೆರಡರ ತನಕ ಈ ಮುಚ್ಚಳ ನಂದು. ಸ್ವಲ್ಪ ಸರೀರಿ, ಬೂಟು ಕೊಳೆಯಾದೀತು."

ಜರಡಿಯ ಹತ್ತಿರ ಯಾರೋ ಕೆಮ್ಮಿದಂತೆ ನಕ್ಕರು.

ಅವಳು ಮಂಡಿಯೂರಿ ಬೀಗ ತೆಗೆದಳು. ಟೇಪಿನ ತುದಿಯ ಮೂರು ಮೀಟರಿಗೆ ಸುಣ್ಣ ಬಳಿದಳು. ಹುಡುಗಿಯಾಗಿದ್ದಾಗ ಅಪ್ಪನ ಜೊತೆ ನೂರು ಸಲ ಮಾಡಿದ ಕೆಲಸ, ಕೈ ಮರೆತಿರಲಿಲ್ಲ. ಟೇಪನ್ನು ಒಳಗೆ ಬಿಟ್ಟು, ಹದಿನೈದರ ಗುರುತನ್ನು ಕೊಳವೆಯ ಅಂಚಿಗೆ ಹಿಡಿದು, ಮೆಲ್ಲಗೆ ಮೇಲೆಳೆದಳು.

"ಎರಡು ಮೀಟರು ಹತ್ತು," ಎಂದು ಗೆರೆ ಓದಿದಳು ಗುಬ್ಬಿ.

"ಹನ್ನೆರಡು ಮೀಟರು ತೊಂಬತ್ತು. ಹತ್ತಕ್ಕಿಂತ ಕೆಳಗೆ ಹೆಚ್ಚುಕಮ್ಮಿ ಮೂರು ಮೀಟರು ಸಾರ್."

ಬಿಳಿ ಬೂಟು ಬೆಚ್ಚಲಿಲ್ಲ. ಇದಕ್ಕೆ ಉತ್ತರ ಅವನ ಜೇಬಿನಲ್ಲೇ ಇತ್ತು. "ಬೇಸಿಗೆ ಮೇಡಂ. ಬಿಸಿಲಿಗೆ ಹೊಳೆ ಇಳಿದಿದೆ, ಹೊಳೆ ಜೊತೆ ಬಾವಿ ಇಳಿದಿದೆ. ನೋಡಿ, ಕಿವಿ ಕೊಟ್ಟು ಕೇಳಿ, ನಮ್ಮ ಪಂಪು ಓಡ್ತಾನೇ ಇಲ್ಲ. ಓಡದೇ ಇರೋ ಪಂಪು ನೀರು ಕುಡಿಯುತ್ತಾ?"

ಅವಳು ಟೇಪು ಒರೆಸಿ ಮತ್ತೆ ಸುಣ್ಣ ಬಳಿದಳು, ಪುಸ್ತಕದಲ್ಲಿ ಸಮಯ ಬರೆದಳು, ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ತಾನೂ ಕಲ್ಲಿನ ಮೇಲೆ ಕೂತಳು.

"ಆಯ್ತಲ್ಲ? ಇನ್ನೇನು?"

"ಹತ್ತು ನಿಮಿಷ ಸಾರ್. ಸುಣ್ಣ ಒಣಗಲಿ."

ಹತ್ತು ನಿಮಿಷ ಎಂದರೆ ಹೊಲಿಗೆಯವರಿಗೆ ಒಂದು ಅಂಗಿಯ ಕಾಲರು. ಬಿಳಿ ಬೂಟಿಗೆ ಅದು ವರ್ಷವಾಯಿತು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ, ಫೋನು ನೋಡಿದ. ತಮ್ಮ ಮಾತ್ರ ಅಲುಗಾಡಲಿಲ್ಲ. ಅವನು ಬಾವಿಯನ್ನೇ ನೋಡುತ್ತಿದ್ದ, ಹಾಲು ಉಕ್ಕುವುದನ್ನು ಕಾಯುವವರ ಹಾಗೆ.

ಎರಡನೇ ಸಲ ಟೇಪು ಮೇಲೆ ಬಂದಾಗ ಗುಬ್ಬಿಯ ದನಿ ಏರಿತು. "ಎರಡು ಮೀಟರು ನಲವತ್ತಾರು!"

"ಅಂದರೆ ಹನ್ನೆರಡು ಮೀಟರು ಐವತ್ನಾಲ್ಕು." ಹೊಲಿಗೆಯವಳು ಎದ್ದು ನಿಂತಳು. "ಹತ್ತು ನಿಮಿಷಕ್ಕೆ ಒಂದೂವರೆ ಗೇಣು ಮೇಲೆ ಬಂತು. ಬಿಸಿಲಿಗೆ ಇಳಿದ ನೀರು ಹೀಗೆ ಏರುತ್ತಾ ಸಾರ್? ಮಳೆ ಎಲ್ಲಿ ಬಂತು, ಆ ಮೋಡ ಸ್ವಲ್ಪ ತೋರಿಸಿ. ನಾನೂ ನೋಡ್ತೀನಿ, ನಮ್ಮ ಶಾಲೆಯ ಮಕ್ಕಳೂ ನೋಡ್ಲಿ."

ಅವನ ಕಣ್ಣು ಪಂಪು ಮನೆಯ ಕಡೆ ಹೋಯಿತು.

"ಸುಮ್ಮನೆ ಇರೋ ನೀರು ಸುಮ್ಮನೆ ಇರುತ್ತೆ. ಏರ್ತಾ ಇದೆ ಅಂದರೆ, ಹೀರ್ತಾ ಇದ್ದ ಬಾಯಿ ಈಗತಾನೇ ಮುಚ್ಚಿದೆ. ಒಂಬತ್ತು ಇಪ್ಪತ್ತೆರಡಕ್ಕೆ. ನಾನು ನಿಮ್ಮ ಗೇಟಿನಲ್ಲಿ ಪೆನ್ನಿನ ಬಣ್ಣ ಬದಲಿಸ್ತಿದ್ದಾಗ." ಪುಸ್ತಕ ಮುಂದೆ ಹಿಡಿದಳು. "ಸಹಿ ಹಾಕಿ."

"ಹಾಕಲ್ಲ."

"ಬೇಡ ಬಿಡಿ. ಹಾಕಲ್ಲ ಅಂದರು ಅಂತ ಬರೆಯೋಕೂ ಪುಸ್ತಕದಲ್ಲಿ ಜಾಗ ಇದೆ."

ಜರಡಿಯ ಬಳಿ ಈಗ ಏಳೆಂಟು ಜನ ಸೇರಿದ್ದರು. ಯಾರೂ ಹತ್ತಿರ ಬರಲಿಲ್ಲ, ಯಾರೂ ದೂರವೂ ಹೋಗಲಿಲ್ಲ.

ಬಿಳಿ ಬೂಟು ದನಿ ತಗ್ಗಿಸಿದ. ತಗ್ಗಿದ ದನಿಯೇ ಹೆಚ್ಚು ಚುಚ್ಚಿತು. "ಬರೀರಿ ಮೇಡಂ, ಎಲ್ಲ ಬರೀರಿ. ಪಂಪು ನಿಲ್ಲಿಸಿದ್ದು ಯಾರು ಅಂತಾನೂ ಬರೀರಿ. ನನ್ನ ಕೈ ಆ ಸ್ವಿಚ್ಚು ಮುಟ್ಟಿಲ್ಲ. ಪಂಪು ಮನೆ ಬೀಗದ ಕೈ ಒಬ್ಬನ ಸೊಂಟದಲ್ಲೇ ಇರೋದು. ಇವತ್ತೂ ಅವನೇ ನಿಲ್ಲಿಸಿದ, ಪ್ರತಿ ಭಾನುವಾರವೂ ಅವನೇ. ನಿಮ್ಮ ತಂದೆ ಕಾಣೆಯಾದ ದಿನ ಇಲ್ಲಿ ಪಾಳಿ ಯಾರದು ಅಂತ ವಿಚಾರಿಸಿದ್ದೀರಾ? ಸಮಿತಿ ಕೇಳಿದರೆ ನಾನು ಹೇಳ್ತೀನಿ. ಕಳ್ಳ ಬೇಕು ಅಂದರೆ ನಿಮ್ಮ ಮನೆ ತೊಟ್ಟಿಲಲ್ಲೇ ಹುಡುಕಿ."

ಅವಳು ತಮ್ಮನನ್ನು ನೋಡಿದಳು. ಅವನು ಇಲ್ಲ ಎನ್ನಲಿಲ್ಲ.

ಅಮ್ಮ ತೀರಿಕೊಂಡ ವರ್ಷ ಇವನಿಗೆ ಐದು. ಊಟ ಮಾಡಿಸಿದ್ದು ಅವಳು, ಹರಿದ ಚಡ್ಡಿಗೆ ತೇಪೆ ಹಾಕಿದ್ದು ಅವಳು, ಸುಳ್ಳು ಹೇಳಿದಾಗ ಕಿವಿ ಹಿಂಡಿ ಆಮೇಲೆ ಅದೇ ಕಿವಿಗೆ ಎಣ್ಣೆ ಸವರಿದ್ದೂ ಅವಳೇ. ಪುಸ್ತಕದಲ್ಲಿ ಆ ಒಂದು ಸಾಲು ಖಾಲಿ ಬಿಟ್ಟರೆ ಯಾರೂ ಕೇಳುವವರಿಲ್ಲ. ಬಿಳಿ ಬೂಟು ಕಾಯುತ್ತಿದ್ದದ್ದೂ ಅದಕ್ಕೇ: ತನ್ನವರ ಮುಂದೆ ಕೈ ತಡೆದ ಅಳತೆಗಾರ್ತಿಯ ಪುಸ್ತಕವನ್ನು ಸಮಿತಿಯ ಎದುರು ಹರಿದು ಹಾಕುವುದು ಸುಲಭ.

"ಬರೀತೀನಿ," ಎಂದಳು. ಎಲ್ಲರಿಗೂ ಕೇಳುವಂತೆ ಓದುತ್ತ ಬರೆದಳು. "ಪಂಪು ನಿಲ್ಲಿಸಿದವನು, ಅಳೆಯುತ್ತಿರುವವಳ ತಮ್ಮ. ನಿಲ್ಲಿಸಲು ಹೇಳಿದವರು ಯಾರೆಂದು ಸಮಿತಿ ಅವನನ್ನೂ ಕೇಳಲಿ. ಕಾವಲಿನವನ ಫೋನಿನಲ್ಲಿ ಯಾರಿದ್ದರೆಂದೂ ಕೇಳಲಿ. ಸರಿಯಾಯ್ತಾ ಸಾರ್? ತೊಟ್ಟಿಲು ತೂಗಿದ ಕೈಯೇ ಬರೆದಿದೆ."

ಬಿಳಿ ಬೂಟಿನ ಮುಖ ಬೂಟಿನ ಬಣ್ಣಕ್ಕೆ ತಿರುಗಿತು.

ಆಗ ತಮ್ಮ ಗೋಡೆ ಬಿಟ್ಟು ನಡೆದು ಬಂದ. ಜೇಬಿನಿಂದ ಮಡಿಸಿದ ಬಟ್ಟೆಯೊಂದನ್ನು ತೆಗೆದು ಅವಳ ಕೈಗಿಟ್ಟ.

"ಟೇಪು ಒರೆಸ್ಕೋ ಅಕ್ಕ," ಎಂದ. ನಾಲ್ಕು ವರ್ಷದಲ್ಲಿ ಅವಳೊಂದಿಗೆ ಆಡಿದ ಮೊದಲ ಮಾತು. "ಮೂರನೇ ಸಲಾನೂ ಅಳಿ. ಎರಡು ಸಲ ಅಳೆದರೆ ಇವರು ಕೈ ತಪ್ಪಿತು ಅಂತಾರೆ."

ಬಟ್ಟೆಯ ಮಡಿಕೆಯೊಳಗೆ ಕಾಗದ ಸರಗುಟ್ಟಿತು.

ಅವಳು ಬಾವಿಯ ಕಡೆ ಬಗ್ಗಿದಂತೆ ಮಾಡಿ, ಮೈ ಅಡ್ಡ ಇಟ್ಟುಕೊಂಡು ಮಡಿಕೆ ಬಿಡಿಸಿದಳು. ಗೆರೆ ಎಳೆದ ಹಾಳೆ. ಎಡಕ್ಕೆ ದಿನಾಂಕ, ನಡುವೆ ಪಂಪು ಹಾಕಿದ ಹೊತ್ತು ನಿಲ್ಲಿಸಿದ ಹೊತ್ತು, ಬಲಕ್ಕೆ ನಾಲ್ಕನೇ ಬಾವಿಯ ಆಳ. ಹದಿನಾಲ್ಕು ಐದು. ಹದಿನಾಲ್ಕು ಏಳು. ದಿನಕ್ಕೊಂದು ಸಾಲು, ಒಂದು ದಿನವೂ ಬಿಟ್ಟಿರಲಿಲ್ಲ. ಮೊದಲ ಸಾಲು ಅಪ್ಪ ಮಾಯವಾದ ಮಾರನೆಯ ದಿನದ್ದು. ಕೊನೆಯದು ನಿನ್ನೆಯದು.

ಅಕ್ಷರ ತಮ್ಮನದಲ್ಲ. ಎಡಕ್ಕೆ ವಾಲಿದ ಅಂಕಿಗಳು, ಪ್ರತಿ ಏಳರ ನಡುವಿಗೂ ಒಂದು ಅಡ್ಡಗೆರೆ. ಆ ಅಡ್ಡಗೆರೆಯ ಏಳನ್ನು ಅವಳು ಸ್ಲೇಟಿನ ಮೇಲೆ ತಿದ್ದಿ ಕಲಿತಿದ್ದಳು. ಅವಳ ಮಗಳೂ.

ನಿನ್ನೆ. ನಿನ್ನೆಯ ತನಕ ಅಪ್ಪನ ಕೈ ಬರೆಯುತ್ತಿತ್ತು.

ಅವಳು ಕೊಳವೆಯ ಅಂಚು ಹಿಡಿದುಕೊಂಡಳು. ತಲೆ ಎತ್ತಿದಾಗ ತಮ್ಮ ಅವಳನ್ನೇ ನೋಡುತ್ತಿದ್ದ. ಕಂಡೂ ಕಾಣದಷ್ಟು ತಲೆಯಾಡಿಸಿದ: ಈಗ ಬೇಡ, ಇಲ್ಲಿ ಬೇಡ. ಅದು ಕಾಪಾಡುವವನ ಎಚ್ಚರವೋ ಬಚ್ಚಿಟ್ಟವನ ಬೆದರಿಕೆಯೋ, ಸಾಕಿ ಬೆಳೆಸಿದವಳಿಗೂ ತಿಳಿಯಲಿಲ್ಲ.

"ಏನದು ಕೈಯಲ್ಲಿ?" ಬಿಳಿ ಬೂಟು ಒಂದು ಹೆಜ್ಜೆ ಮುಂದೆ ಬಂದ.

"ಒರೆಸೋ ಬಟ್ಟೆ ಸಾರ್." ಅವಳು ಕಾಗದವನ್ನು ಮುಷ್ಟಿಯೊಳಗೆ ಮುದುರಿದಳು.

ಆದರೆ ತಾಯಿಯ ಮೊಣಕೈ ಕೆಳಗೆ ಇನ್ನೊಂದು ಜೊತೆ ಕಣ್ಣು ಇತ್ತು. ಅದು ಆಗಲೇ ಎಲ್ಲ ಓದಿ ಮುಗಿಸಿತ್ತು.

ಗುಬ್ಬಿ ಎದ್ದಳು. ಮೊಣಕಾಲಿನ ಪುಡಿ ಕೊಡವಿಕೊಂಡಳು. ತಾಯಿ ಕೈ ಚಾಚುವ ಮೊದಲೇ ಎರಡು ಹೆಜ್ಜೆ ದಾಟಿ, ಬಿಳಿ ಬೂಟಿನ ಪಕ್ಕದಲ್ಲೇ, ಜರಡಿಯ ಜನರಿಗೆಲ್ಲ ಕೇಳುವ ಹಾಗೆ, ಹನ್ನೆರಡು ದಿನ ನುಂಗಿಕೊಂಡಿದ್ದನ್ನು ತರಗತಿಯಲ್ಲಿ ಪಾಠ ಓದುವ ದನಿಯಲ್ಲಿ ಕೇಳಿಬಿಟ್ಟಳು.

"ಮಾಮ, ಅಜ್ಜ ಇದನ್ನ ನಿನ್ನೆ ಬರೆದಿದ್ದಾರೆ. ಅವರನ್ನ ಎಲ್ಲಿ ಇಟ್ಟಿದ್ದೀಯ?"